ಕೆಂಪು ತಲೆಯ ಗುಂಡುಸೂಜಿ

ಸ್ಟೇಷನ್ನಿನ ಮೆಟ್ಟಿಲ ಕೆಳಗೆ, ಎಂಟಡಿ ಉದ್ದ ಆರಡಿ ಅಗಲದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದ ದರ್ಜಿಗೆ ಬಾಳಿನಲ್ಲಿ ಎಲ್ಲವೂ ಇತ್ತು, ಕೊರಳಿಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿಯೊಂದನ್ನು ಬಿಟ್ಟು. ಕೊರಳಲ್ಲಿ ಟೇಪು ನೇತಾಡುತ್ತಿತ್ತು, ನಿಜ. ಆದರೆ ಟೇಪಿನ ಮೇಲೆ ಯಾರೂ ಫೋಟೋ ಅಂಟಿಸಿ ಕೊಡುವುದಿಲ್ಲ.

ಈ ಕೊರತೆ ಅವನ ಗಮನಕ್ಕೆ ಬಂದದ್ದು ಷಡ್ಡಕನಿಂದ. ಹೆಂಡತಿಯ ತಂಗಿಯ ಗಂಡನಾದ ಈ ಮಹಾಶಯ ಯಾವುದೋ ಕಚೇರಿಯಲ್ಲಿ ಕಡತಗಳ ಮೇಲೆ ನಂಬರು ಬರೆಯುತ್ತಿದ್ದ. ನೀಲಿ ದಾರದ ಗುರುತಿನ ಚೀಟಿಯನ್ನು ಅವನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಅದು ತಟ್ಟೆಯಲ್ಲಿ ಅದ್ದಿಹೋಗದಂತೆ ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಲ್ಲಿ ಉಣ್ಣುತ್ತಿದ್ದ. ಅವನು ಬಂದು ಹೋದ ದಿನವೆಲ್ಲ ದರ್ಜಿಯ ಹೆಂಡತಿ ಒಂದು ಮಾತೂ ಆಡುತ್ತಿರಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ದರ್ಜಿಗೆ ಅನಿಸುತ್ತಿತ್ತು.

ಹಾಗೆಂದು ದರ್ಜಿಗೆ ಹೆಸರಿರಲಿಲ್ಲ ಎನ್ನುವಂತಿಲ್ಲ. ಬೆಳಿಗ್ಗೆ ರೈಲು ಹಿಡಿಯುವವರು ಪ್ಯಾಂಟು, ಅಂಗಿ, ಲಂಗ ಅವನ ಅಂಗಡಿಯೊಳಗೆ ಎಸೆದು ಮೆಟ್ಟಿಲು ಹತ್ತುತ್ತಿದ್ದರು. ಸಂಜೆ ಇಳಿದು ಬರುವಾಗ ಎತ್ತಿಕೊಂಡು ಹೋಗುತ್ತಿದ್ದರು. ಮಾತಿಗೆ ಪುರುಸೊತ್ತಿಲ್ಲದ ಈ ಗಿರಾಕಿಗಳಿಗಾಗಿಯೇ ಅವನು ಒಂದು ಪದ್ಧತಿ ಮಾಡಿಟ್ಟಿದ್ದ. ಬಾಗಿಲಲ್ಲಿ ಎರಡು ಡಬ್ಬಿ. ಕತ್ತರಿಸಬೇಕಾದ ಕಡೆ ಹಸಿರು ತಲೆಯ ಗುಂಡುಸೂಜಿ, ಕತ್ತರಿ ತಾಗಲೇಬಾರದ ಕಡೆ ಕೆಂಪು ತಲೆಯದು. ಗಿರಾಕಿ ತಾನೇ ಚುಚ್ಚಿ ಎಸೆದು ಓಡಿದರಾಯಿತು. ಇಪ್ಪತ್ತಾರು ವರ್ಷದಲ್ಲಿ ಆ ಸುತ್ತಲಿನ ಮಕ್ಕಳುಮರಿಗೂ ಈ ಭಾಷೆ ಬಾಯಿಪಾಠವಾಗಿತ್ತು. ದರ್ಜಿಗೆ ಮಾತ್ರ ಯಾರ ಹೆಸರೂ ನೆನಪಿರುತ್ತಿರಲಿಲ್ಲ, ಅವನಿಗೆ ಜನರೆಲ್ಲ ಸೊಂಟದ ಅಳತೆಯಲ್ಲಿ ಗೊತ್ತು. ಮೂವತ್ತೆರಡಕ್ಕೆ ಮದುವೆಯಾಯಿತಂತೆ ಎನ್ನುತ್ತಿದ್ದ. ಮೂವತ್ತಾರು ಕೆಲಸದಿಂದ ನಿವೃತ್ತವಾಗುವಷ್ಟರಲ್ಲಿ ನಲವತ್ತಾದದ್ದನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದ.

ಒಂದು ದಿನ ಸ್ಟೇಷನ್ನಿನ ಕಂಬಕ್ಕೆ ಪ್ರಕಟಣೆ ಅಂಟಿತು. ಅಲ್ಲೇ ಪಕ್ಕದಲ್ಲಿ ಪೇಪರು ಮಾರುವ ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು. ನಿಲ್ದಾಣದ ಸುತ್ತಲಿನ ಜಾಗದ ಮರು ಅಭಿವೃದ್ಧಿ, ಸಾರ್ವಜನಿಕರ ಅಭಿಪ್ರಾಯಕ್ಕೆ ಹಾರ್ದಿಕ ಸ್ವಾಗತ.

ಮರದ ಕೆಳಗೆ ಸ್ಟೂಲು ಹಾಕಿಕೊಂಡು ಬೀಗದ ಕೈ ಮಾಡುವವನು ಕೀಲಿ ಉಜ್ಜುವ ಅರದಿಂದ ಕಣ್ಣೆತ್ತದೆ, "ಒಡೀತಾರೆ," ಅಂದ.

"ಅಭಿಪ್ರಾಯ ಕೇಳ್ತಾರಂತೆ ಕಣೋ," ಅಂದಳು ಪೇಪರ್ ಅಕ್ಕ.

"ಕೇಳಿ ಒಡೀತಾರೆ."

ಮರುದಿನ ಯೋಜನಾ ಕಚೇರಿಯ ಅಧಿಕಾರಿ ಪ್ಯಾಂಟು ಸಡಿಲ ಮಾಡಿಸಲು ದರ್ಜಿಯ ಅಂಗಡಿಗೆ ಬಂದ. ಸೊಂಟ ನಲವತ್ತೆರಡು. ಅಳತೆ ಕೊಡುತ್ತ ಕೈ ಮೇಲೆತ್ತಿ ನಿಂತವನು, "ಮಾಸ್ಟ್ರೇ, ನಮಗೊಬ್ಬ ಸಮುದಾಯ ಪ್ರತಿನಿಧಿ ಬೇಕಲ್ಲ. ಇಲ್ಲಿ ಎಲ್ಲರಿಗೂ ಬೇಕಾದೋರು ನೀವೇ ಅಂತೆ," ಅಂದ.

"ಏನ್ ಕೆಲಸ ಸಾರ್ ಅದು?"

"ಏನಿಲ್ಲ. ಸಭೆಗೆ ಜನ ಕರ್ಕೊಂಡು ಬರೋದು. ಗುರುತಿನ ಚೀಟಿ ಕೊಡ್ತೀವಿ."

"ಕೊರಳಿಗೆ ಹಾಕ್ಕೊಳ್ಳೋದಾ?"

"ದಾರದ ಸಮೇತ."

ದರ್ಜಿ ಮುಂದೆ ಏನನ್ನೂ ಕೇಳಲಿಲ್ಲ. ಏನನ್ನಾದರೂ ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹಸಿರು ದಾರವೋ ಕೆಂಪು ದಾರವೋ ಎಂಬ ಯೋಚನೆಯಲ್ಲಿ ಅವನ ತಲೆ ತುಂಬಿಹೋಗಿತ್ತು.

ದಾರ ಹಳದಿಯದು ಬಂತು. ಹೆಂಡತಿ ಚೀಟಿಯನ್ನು ಬೆಳಕಿಗೆ ಹಿಡಿದು, "ಫೋಟೋದಲ್ಲಿ ಕಣ್ಣು ಮುಚ್ಚಿದೀರಲ್ರೀ," ಅಂದಳು. ಅದು ಆಳವಾಗಿ ಯೋಚಿಸುತ್ತಿರುವ ಭಂಗಿ ಎಂದು ದರ್ಜಿ ಸಮಜಾಯಿಷಿ ಕೊಟ್ಟ. ಭಾನುವಾರ ಷಡ್ಡಕನನ್ನು ಊಟಕ್ಕೆ ಕರೆಯಲಾಯಿತು. ಇಬ್ಬರೂ ಎದುರುಬದುರು ಕೂತು, ತಮ್ಮ ತಮ್ಮ ಚೀಟಿಯನ್ನು ಎಡಗೈಯಲ್ಲಿ ಹಿಡಿದು ಉಂಡರು. ಬಡಿಸುತ್ತಿದ್ದ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಹೋದರು.

ಸಭೆಗೆ ದರ್ಜಿ ಮುನ್ನೂರು ಜನರನ್ನು ಸೇರಿಸಿದ. ಅಷ್ಟು ಜನ ಬರುತ್ತಾರೆಂದು ಕಚೇರಿಯವರೂ ಎಣಿಸಿರಲಿಲ್ಲ. ಕುರ್ಚಿ ನಲವತ್ತೇ ತಂದಿದ್ದರು. ಪ್ರಯಾಣಿಕರ ತಂಗುಕೋಣೆಯ ನಡುವೆ ಮೇಜಿನ ಮೇಲೆ ಬೆಂಡಿನಲ್ಲಿ ಮಾಡಿದ ಸ್ಟೇಷನ್ನಿನ ಮಾದರಿ ಇತ್ತು. ಮೆಟ್ಟಿಲು, ಮರ, ಕುಡಿಯುವ ನೀರಿನ ನಲ್ಲಿ, ಕಲ್ಲುಬೆಂಚು, ಪೇಪರ್ ಅಕ್ಕನ ಕಟ್ಟೆ, ಕಾರು ನಿಲ್ಲಿಸುವ ಜಾಗ, ಆಕಾಶಕ್ಕೆ ಅಡ್ಡ ನಿಂತ ಜಾಹೀರಾತಿನ ಫಲಕ, ಎಲ್ಲವೂ ಇದ್ದವು. ಮೆಟ್ಟಿಲ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ ತನ್ನ ಅಂಗಡಿಯನ್ನು ಕಂಡು ದರ್ಜಿ ಮೇಜಿನ ಮೇಲೆ ಬಗ್ಗಿ ನಿಂತ. ಇಪ್ಪತ್ತಾರು ವರ್ಷದಲ್ಲಿ ಅದನ್ನು ಹೊರಗಿನಿಂದ ಇಷ್ಟು ನಿಧಾನವಾಗಿ ಅವನು ನೋಡಿಯೇ ಇರಲಿಲ್ಲ.

ಮೇಜಿನ ಪಕ್ಕದಲ್ಲಿ ಎರಡು ಬಟ್ಟಲು ಇದ್ದವು. ಒಂದರಲ್ಲಿ ಕೆಂಪು ಗುಂಡುಸೂಜಿ, ಇನ್ನೊಂದರಲ್ಲಿ ಹಸಿರು.

ಸಭೆ ನಡೆಸಲು ಬಂದಿದ್ದ ಹುಡುಗಿ ಮೈಕು ಹಿಡಿದು, "ಎಲ್ಲರಿಗೂ ನಮಸ್ಕಾರ. ಈಗ ಈ ಗುಂಡುಸೂಜಿಗಳನ್ನ ಹೇಗೆ ಬಳಸೋದು ಅಂತ," ಎಂದು ಶುರುಮಾಡಿದಳು.

ದರ್ಜಿ ಕೈಯೆತ್ತಿದ. "ಅಮ್ಮಾ, ಬೇರೆ ಏನಾದ್ರೂ ಹೇಳ್ಕೊಡಿ, ಕಲೀತೀವಿ. ಗುಂಡುಸೂಜಿ ವಿಚಾರ ಮಾತ್ರ ನಮಗೆ ಹೇಳ್ಕೊಡಬೇಡಿ!"

ತಂಗುಕೋಣೆ ಗೊಳ್ಳೆಂದಿತು, ಚಪ್ಪಾಳೆಯೂ ಬಿತ್ತು. ಹುಡುಗಿ ತನ್ನ ಕೈಪುಸ್ತಕ ತಿರುವಿ ನೋಡಿದಳು. ಸಮುದಾಯದವರೇ ಮುಂದಾಳತ್ವ ವಹಿಸಿದರೆ ತಡೆಯಬಾರದು ಎಂದು ಅದರಲ್ಲಿ ಬರೆದಿತ್ತು. ಅವಳು ಮೈಕನ್ನು ಸಂತೋಷದಿಂದ ದರ್ಜಿಯ ಕೈಗೆ ಕೊಟ್ಟು, ಕುರ್ಚಿ ಸಾಲದ ವಿಚಾರವಾಗಿ ಫೋನು ಮಾಡಲು ಹೊರಗೆ ಹೋದಳು.

ಜೀವನದಲ್ಲಿ ಮೊದಲ ಸಲ ಮೈಕು ಹಿಡಿದ ದರ್ಜಿ ಕೊರಳ ಚೀಟಿ ಸರಿಮಾಡಿಕೊಂಡ. "ನಮ್ಮ ಅಂಗಡೀಲಿ ಹೇಗೋ ಇಲ್ಲೂ ಹಾಗೇನೆ. ಕತ್ತರಿ ತಾಗಬಾರದು ಅನ್ನೋ ಕಡೆ ಕೆಂಪು. ಕತ್ತರಿಸಿ ಬಿಸಾಕ್ಲಿ ಅನ್ನೋ ಕಡೆ ಹಸಿರು. ಗೊತ್ತಾಯ್ತಾ?"

"ಗೊತ್ತು ಮಾಸ್ಟ್ರೇ!" ಎಂದರು ಮುನ್ನೂರು ಜನ.

ಆಮೇಲೆ ನಡೆದದ್ದು ನೋಡುವಂತಿತ್ತು. ಮೂವತ್ತನಾಲ್ಕು ಬಂದು ದರ್ಜಿಯ ಅಂಗಡಿಗೆ ಕೆಂಪು ಚುಚ್ಚಿದ. ಇಪ್ಪತ್ತೆಂಟು ಬಂದು ಚುಚ್ಚಿದಳು. ನಲವತ್ತಾರು ಮೇಜಿನ ಮೇಲೆ ಬಗ್ಗಲಾರದೆ ಹೆಂಡತಿಯಿಂದ ಚುಚ್ಚಿಸಿದ. ಪೇಪರ್ ಅಕ್ಕ ತನ್ನ ಕಟ್ಟೆಗೂ ನಲ್ಲಿಗೂ ಕೆಂಪು ಚುಚ್ಚಿದಳು. ಬೀಗದ ಕೈಯವನು ಮರದ ಬುಡಕ್ಕೆ ಆರು ಕೆಂಪು ಚುಚ್ಚಿ, ಒಂದು ಹಸಿರು ತೆಗೆದುಕೊಂಡು ಜಾಹೀರಾತು ಫಲಕದ ನಡುನೆತ್ತಿಗೆ ಹಲ್ಲುಕಚ್ಚಿ ಇಳಿಸಿದ. ಕಾರು ನಿಲ್ಲಿಸುವ ಜಾಗ ಹಸಿರಾಯಿತು. ದರ್ಜಿಯ ಅಂಗಡಿ ಸೂಜಿಗಳ ಅಡಿಯಲ್ಲಿ ಕಾಣದಂತಾಯಿತು. ಫೋನು ಮುಗಿಸಿ ಒಳಗೆ ಬಂದ ಹುಡುಗಿ ಅದನ್ನು ನೋಡಿ ಬೆರಗಾದಳು, ದರ್ಜಿಯ ಮುಖವನ್ನು ಕನಿಕರದಿಂದ ನೋಡಿದಳು. ದರ್ಜಿ ಕಣ್ಣೊರೆಸಿಕೊಳ್ಳುತ್ತಿದ್ದ.

"ಬೇಜಾರು ಮಾಡ್ಕೋಬೇಡಿ ಅಂಕಲ್," ಅಂದಳು.

"ಬೇಜಾರೆಲ್ಲಿ ಬಂತಮ್ಮ! ಜನಕ್ಕೆ ನಾನಂದ್ರೆ ಇಷ್ಟು ಅಂತ ಗೊತ್ತೇ ಇರಲಿಲ್ಲ," ಅಂದ ದರ್ಜಿ. ಎಂಥ ದೊಡ್ಡ ಮನಸ್ಸಿನ ಮನುಷ್ಯ ಎಂದುಕೊಂಡಳು ಹುಡುಗಿ, ವರದಿಯಲ್ಲೂ ಹಾಗೆಯೇ ಬರೆದಳು.

ಹದಿನೈದು ದಿನಕ್ಕೆ ಫಲಿತಾಂಶ ಕಂಬಕ್ಕೆ ಬಂತು. ಗಿರಾಕಿಗಳು, ಅಂಗಡಿಯವರು ಸುತ್ತ ನೆರೆದರು. ಪೇಪರ್ ಅಕ್ಕ ಕನ್ನಡಕ ಏರಿಸಿ ಓದಿದಳು. "ಸಾರ್ವಜನಿಕರು ತೆಗೆದುಹಾಕಲು ಬಯಸಿರುವವು. ಮೊದಲನೇ ಸ್ಥಾನ, ಮೆಟ್ಟಿಲ ಕೆಳಗಿನ ಹೊಲಿಗೆ ಅಂಗಡಿ. ಇನ್ನೂರ ಹದಿನಾಲ್ಕು ಸೂಜಿ."

ಅಕ್ಕ ಕನ್ನಡಕ ಒರೆಸಿಕೊಂಡು ಮುಂದೆ ಓದಿದಳು.

"ಎರಡನೇದು ಮರ. ಮೂರನೇದು ನಲ್ಲಿ. ನಾಲ್ಕು, ಪೇಪರ್... ಅಯ್ಯೋ, ಇದು ನಾನೇ!" ಅಕ್ಕ ಎದೆ ಹಿಡಿದುಕೊಂಡಳು. "ಸಾರ್ವಜನಿಕರು ಉಳಿಸಿಕೊಳ್ಳಲು ಬಯಸಿರುವವು. ಕಾರು ನಿಲ್ಲಿಸುವ ಜಾಗ. ಜಾಹೀರಾತು ಫಲಕ."

ದರ್ಜಿ ಸುತ್ತಲೂ ನಿಂತ ಸೊಂಟಗಳನ್ನು ಒಂದೊಂದಾಗಿ ನೋಡಿದ. "ಅಂದ್ರೆ ಎದುರಿಗೆ ಒಂದು, ಹಿಂದೆ ಒಂದು. ನಿಮ್ಮ ಹೊಟ್ಟೆ ಬೆಳೆದಾಗೆಲ್ಲ ಗುಟ್ಟಾಗಿ ಬಿಚ್ಚಿ ಹೊಲಿದುಕೊಟ್ಟೆನಲ್ರೋ, ಯಾರಿಗಾದ್ರೂ ಬಾಯಿಬಿಟ್ಟಿದೀನಾ?" ಎಂದು ಕೇಳಿದ. ಮೂವತ್ತನಾಲ್ಕು, ತಾನು ಕೆಂಪನ್ನೇ ಚುಚ್ಚಿದೆನೆಂದು ತಾಯಾಣೆ ಇಟ್ಟ. ನಲವತ್ತಾರು ಅತ್ತೇಬಿಟ್ಟ.

"ಇರಿ, ಕೆಳಗೆ ಇನ್ನೂ ಸಣ್ಣಕ್ಷರದಲ್ಲಿ ಏನೋ ಇದೆ," ಅಂದಳು ಅಕ್ಕ. "ಸೂಚನೆ. ಕೆಂಪು ಅಂದರೆ ತೆಗೆಯಬೇಕು. ಹಸಿರು ಅಂದರೆ ಉಳಿಯಬೇಕು."

ಗುಂಪು ದರ್ಜಿಯ ಕಡೆ ತಿರುಗಿತು. ಅವನ ಕೈ ತಾನಾಗಿ ಕೊರಳ ಚೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟಿತು.

ಬೀಗದ ಕೈಯವನು ಮೆಲ್ಲಗೆ ಕೇಳಿದ. "ಗುಂಡುಸೂಜಿ ವಿಚಾರ ಮಾತ್ರ ಹೇಳ್ಕೊಡಬೇಡಿ, ಅಲ್ವಾ?"

ದರ್ಜಿ ಯೋಜನಾ ಕಚೇರಿಗೆ ಓಡಿದ. ಮೂರನೇ ಮಹಡಿಯಲ್ಲಿ, ಫ್ಯಾನಿನ ಕೆಳಗೆ, ನಲವತ್ತೆರಡು ಸೊಂಟದ ಅಧಿಕಾರಿ ಪ್ರಸನ್ನವದನನಾಗಿ ಕೂತಿದ್ದ.

"ಸಾರ್, ಎಲ್ಲಾ ಉಲ್ಟಾ ಆಗಿದೆ."

"ಏನು ಉಲ್ಟಾ?"

"ಜನ ಸಾರ್. ಜನಾನೇ ಉಲ್ಟಾ ಚುಚ್ಚಿದಾರೆ. ನಮ್ಮ ಕಡೆ ಕೆಂಪು ಅಂದ್ರೆ ಮುಟ್ಟಬೇಡಿ ಅಂತ."

"ಮಾಸ್ಟ್ರೇ, ಜನಾಭಿಪ್ರಾಯ ಅನ್ನೋದು ಪ್ಯಾಂಟಲ್ಲ, ಬಿಚ್ಚಿ ಹೊಲಿಯೋಕೆ. ನಾವು ಕೈ ಹಾಕಿದ್ರೆ ಜನರ ಬಾಯಿ ಮುಚ್ಚಿಸಿದ್ರು ಅಂತಾರೆ."

"ತಪ್ಪು ಹೇಳ್ಕೊಟ್ಟೋನು ನಾನೇ ಸಾರ್."

ನಲವತ್ತೆರಡು ಒಂದು ಹಾಳೆ, ಒಂದು ಪೆನ್ನು ಮುಂದೆ ತಳ್ಳಿದ. "ಹಾಗಂತ ಬರ್ಕೊಡಿ. ಸರ್ಕಾರಿ ಸಭೇಲಿ ಸಾರ್ವಜನಿಕರನ್ನ ದಾರಿ ತಪ್ಪಿಸಿದೆ ಅಂತ. ಅದಕ್ಕೆ ಬೇರೆ ಸೆಕ್ಷನ್ ಇದೆ."

ದರ್ಜಿ ಪೆನ್ನನ್ನು ನೋಡಿದ, ಮುಟ್ಟಲಿಲ್ಲ. "ಹೊಸ ಕಟ್ಟಡದಲ್ಲಾದ್ರೂ ನಮಗೆ ಒಂದು ಮೂಲೆ?"

"ಜನ ಉಳಿಸ್ಕೊಳ್ಳಿ ಅಂದೋರಿಗೆ ಮಾತ್ರ ಕೊಡಬೇಕು, ನಿಯಮ. ಜಾಹೀರಾತು ಫಲಕಕ್ಕೆ ಎರಡು ಮೂಲೆ ಕೊಟ್ಟಿದೀವಿ." ದರ್ಜಿಯ ಮುಖ ನೋಡಿ ಅವನಿಗೂ ಕರುಣೆ ಹುಟ್ಟಿರಬೇಕು. "ಇನ್ನೊಂದು ಸಭೆ ಇದೆ ಮುಂದಿನ ತಿಂಗಳು. ಅಲ್ಲಿ ಸರಿಯಾಗಿ ಚುಚ್ಚಿಸಿ."

ಆ ತಿಂಗಳು ದರ್ಜಿ ಹೊಲಿದದ್ದು ಕಡಿಮೆ. ಬೆಳಗಿನ ಪ್ಲಾಟ್‌ಫಾರಮ್ಮಿನಲ್ಲಿ ಸಾಲಿನಿಂದ ಸಾಲಿಗೆ ಓಡಾಡಿ, "ಉಳೀಬೇಕು ಅಂದ್ರೆ ಯಾವ್ದು?" ಎಂದು ಕೇಳುವನು. "ಹಸಿರು!" ಎಂದು ಜನ ಕೂಗಬೇಕು. ಅಂಗಡಿಯ ಬಾಗಿಲಿನಿಂದ ಕೆಂಪು ಡಬ್ಬಿಯನ್ನು ತೆಗೆದೇ ಹಾಕಿದ. ಇಪ್ಪತ್ತಾರು ವರ್ಷದ ಭಾಷೆಯನ್ನು ಒಂದು ತಿಂಗಳಲ್ಲಿ ತಿರುಗಿಸಿದ್ದರಿಂದ ಎಂಟು ಪ್ಯಾಂಟು, ಮೂರು ಲಂಗ ಹಾಳಾದವು. ಒಬ್ಬನಂತೂ ಮೊಣಕಾಲು ತೋರಿಸಿಕೊಂಡೇ ಕೆಲಸದ ಸಂದರ್ಶನಕ್ಕೆ ಹೋಗಬೇಕಾಯಿತು. ಷಡ್ಡಕ ಬಂದು ಮುಖ ಸಪ್ಪಗೆ ಮಾಡಿಕೊಂಡು, "ಅಣ್ಣಾ, ಸಾರ್ವಜನಿಕ ಜೀವನ ಅಂದ್ರೆ ಹೀಗೇನೆ. ನನ್ನ ಚೀಟೀಲಿ ಈ ತಲೆಬಿಸಿ ಇಲ್ಲ ನೋಡಿ," ಎಂದು ಹೇಳಿ ಎರಡು ಸಲ ಬಡಿಸಿಕೊಂಡು ಉಂಡು ಹೋದ.

ಎರಡನೆಯ ಸಭೆಗೆ ನಾನೂರು ಜನ ಸೇರಿದರು. ದರ್ಜಿ ಈ ಸಲ ಹುಡುಗಿಯನ್ನು ಮಾತಾಡಲು ಬಿಟ್ಟ, ಮೂರು ಸಲ ಹೇಳಿಸಿದ. ಹಸಿರು ಎಂದರೆ ಬೇಕು. ಎಲ್ಲರೂ ಮುಷ್ಟಿ ತುಂಬ ಹಸಿರು ಹಿಡಿದು ಮೇಜಿನ ಹತ್ತಿರ ಬಂದರು. ಮೇಜಿನ ಮೇಲೆ ಹೊಸ ಮಾದರಿ ಇತ್ತು. ಗಾಜಿನ ಕಟ್ಟಡ, ಅದರ ಎರಡೂ ಮೂಲೆಗೆ ಜಾಹೀರಾತು ಫಲಕ. ಮೆಟ್ಟಿಲ ಕೆಳಗೆ ಹಸಿರು ಸ್ಪಂಜಿನ ಹುಲ್ಲುಹಾಸು.

"ನಮ್ಮ ಅಂಗಡಿ ಎಲ್ಲಮ್ಮಾ?"

"ಹೋದ ಸಲ ನೀವೆಲ್ಲ ತೆಗೀರಿ ಅಂದ್ರಲ್ಲ ಅಂಕಲ್. ತೆಗೆದ್ವಿ."

"ಮತ್ತೆ ಬೇಕು ಅನ್ನೋಕೆ ಎಲ್ಲಿ ಚುಚ್ಚೋದು?"

ಹುಡುಗಿ ಕೈಪುಸ್ತಕ ತಿರುವಿದಳು. ಅದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಇರೋದ್ರಲ್ಲಿ ಎಲ್ಲಾದ್ರೂ ಚುಚ್ಚಿ," ಅಂದಳು.

ಜನ ದರ್ಜಿಯ ಮುಖ ನೋಡಿದರು. ದರ್ಜಿ ತನ್ನ ಅಂಗಡಿ ಇದ್ದ ಜಾಗಕ್ಕೆ, ಹುಲ್ಲಿನ ನಡುವೆ, ಒಂದು ಹಸಿರು ಸೂಜಿ ಚುಚ್ಚಿದ. ಅವನ ಹಿಂದೆ ಮೂವತ್ತನಾಲ್ಕು, ಇಪ್ಪತ್ತೆಂಟು, ನಲವತ್ತಾರು, ಪೇಪರ್ ಅಕ್ಕ ಎಲ್ಲರೂ ಅಲ್ಲೇ ಚುಚ್ಚಿದರು. ಹುಲ್ಲುಹಾಸಿಗೆ ಮುನ್ನೂರ ಎಪ್ಪತ್ತು ಹಸಿರು ಸೂಜಿ ಬಂದವೆಂದೂ, ಇದು ಸಾರ್ವಜನಿಕರ ಪರಿಸರ ಪ್ರೀತಿಗೆ ಸಾಕ್ಷಿಯೆಂದೂ ವರದಿ ಹೇಳಿತು. ಹುಲ್ಲುಹಾಸನ್ನು ಎರಡು ಪಟ್ಟು ದೊಡ್ಡದು ಮಾಡಲು ಅದೇ ವಾರ ಆದೇಶ ಹೊರಟಿತು. ಅದಕ್ಕೆ ಜಾಗ ಸಾಲದೆ ಕಲ್ಲುಬೆಂಚನ್ನೂ ತೆಗೆದರು.

ಕೆಡವುವ ಯಂತ್ರ ಬಂದ ದಿನ ದರ್ಜಿ ಹೊಲಿಗೆ ಮಿಷನ್ನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದ. ಮನೆಯ ಮುಂದೆ ಹಲಗೆಯನ್ನೂ ತೂಗುಹಾಕಿದ. ಆದರೆ ಮನೆ ಸ್ಟೇಷನ್ನಿನಿಂದ ಅರ್ಧ ಗಂಟೆಯ ದಾರಿ, ರೈಲು ಹಿಡಿಯುವವರು ಪ್ಯಾಂಟಿಗಾಗಿ ಅಷ್ಟು ನಡೆಯುವುದಿಲ್ಲ. ಮೊದಲ ವಾರ ಇಬ್ಬರು ಬಂದರು, ಎರಡನೆಯ ವಾರ ಒಬ್ಬ ಬಂದ, ಅವನೂ ದಾರಿ ಕೇಳಲು. ಹೆಂಡತಿ ಬೇರೆಯವರ ಮನೆಯ ಬಟ್ಟೆ ಒಗೆಯಲು ಒಪ್ಪಿಕೊಂಡಳು. ಅದರ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಪೇಪರ್ ಅಕ್ಕ, ಬೀಗದ ಕೈಯವನು ರಸ್ತೆಯಾಚೆಯ ಬಿಸಿಲಿಗೆ ಬಿದ್ದಿದ್ದರು. ದರ್ಜಿ ಆ ಕಡೆ ಹೋದರೆ ಅಕ್ಕ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುವಳು, ಬೀಗದ ಕೈಯವನು ಅರ ಹಾಕುವ ಸದ್ದನ್ನು ಜೋರು ಮಾಡುವನು. ನಾಲ್ಕು ತಿಂಗಳು ಹೀಗೇ ನಡೆಯಿತು. ಅಂಗಡಿ ಹೋದದ್ದಕ್ಕಿಂತ ಈ ಅರದ ಸದ್ದೇ ದರ್ಜಿಯನ್ನು ಹೆಚ್ಚು ಕೊರೆಯುತ್ತಿತ್ತು. ತನ್ನ ಬಾಯಿಯಿಂದಲೇ ಮರ ಹೋಯಿತು, ನಲ್ಲಿ ಹೋಯಿತು, ಎರಡು ಸಂಸಾರ ಬೀದಿಗೆ ಬಿತ್ತು ಎಂದು ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಮನೆಯ ಮುಂದೆ ಜೀಪು ನಿಂತಿತು. ಹೊಸ ಪ್ಯಾಂಟನ್ನು ಕೈಯಲ್ಲಿ ಹಿಡಿದು ನಲವತ್ತೆರಡು ಏದುಸಿರು ಬಿಡುತ್ತ ಇಳಿದ.

"ಎಷ್ಟು ಹುಡುಕಿದೆ ಮಾಸ್ಟ್ರೇ ನಿಮ್ಮನ್ನ! ಸ್ಟೇಷನ್ ಹತ್ರ ಒಬ್ಬ ದರ್ಜೀನೂ ಇಲ್ಲವಲ್ರೀ? ಹನ್ನೊಂದಕ್ಕೆ ಕಾರ್ಯಕ್ರಮ, ಗುಂಡಿ ಹಾಕೋಕಾಗ್ತಿಲ್ಲ."

ಅವನು ಈಗ ನಲವತ್ತನಾಲ್ಕಾಗಿದ್ದ. ದರ್ಜಿ ನಾಲ್ಕು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಅವನ ಮುಂದೆ ಮಂಡಿಯೂರಿದ. ಅಳತೆ ಕೊಡುವವರಿಗೆ ಬಾಯಿ ಸಡಿಲವಾಗುವುದು ಸಹಜ.

"ನೀವು ಆವತ್ತು ಸುಮ್ನೆ ತಲೆ ಕೆಡಿಸ್ಕೊಂಡ್ರಿ," ಅಂದ ಅಧಿಕಾರಿ. "ಆ ಗಾಜಿನ ಕಟ್ಟಡದ ಮಾದರಿ ಇತ್ತಲ್ಲ, ಎರಡನೇ ಸಭೇಲಿ ಇಟ್ಟಿದ್ದು, ಅದೇ ಮೊದಲು ಮಾಡಿದ್ದು. ಸಭೆಗಳ ಹಿಂದಿನ ವರ್ಷಾನೇ ಅದಕ್ಕೆ ಸಹಿ ಆಗಿತ್ತು. ನಿಮ್ಮ ಅಂಗಡಿ, ಮರ ಎಲ್ಲಾ ಇದ್ದ ಮಾದರೀನ ಆಮೇಲೆ ಮಾಡಿಸಿದ್ವಿ, ಜನಕ್ಕೆ ಚುಚ್ಚೋಕೆ ಏನಾದ್ರೂ ಬೇಕಲ್ಲ ಅಂತ. ಮಾದರಿ ಮಾಡಿದೋನು ಪಾಪ, ನಿಮ್ಮ ಮಿಷನ್ನನ್ನೂ ಒಳಗೆ ಕೂರಿಸಿದ್ದ, ನೋಡಿದ್ರಾ?"

ಬಾಯಲ್ಲಿ ಸೂಜಿ ಇದ್ದುದರಿಂದ ದರ್ಜಿ ಏನೂ ಹೇಳಲಿಲ್ಲ. ಒಂದೊಂದಾಗಿ ತೆಗೆದು ಪ್ಯಾಂಟಿಗೆ ಚುಚ್ಚಿ, ಬಾಯಿ ಖಾಲಿಯಾದ ಮೇಲೆ ಕೇಳಿದ. "ಮೊದಲನೇ ಸಲಾನೇ ಹಸಿರು ಚುಚ್ಚಿದ್ದಿದ್ರೆ?"

"ವರದೀಲಿ ಬೇರೆ ಕಾರಣ ಬರೀಬೇಕಾಗ್ತಿತ್ತು, ಅಷ್ಟೆ. ನೀವು ನಮ್ಮ ಕೆಲಸ ಹಗುರ ಮಾಡಿದ್ರಿ. ಸಾಹೇಬ್ರು ನಿಮ್ಮನ್ನ ತುಂಬಾ ನೆನೆಸ್ಕೊಂಡ್ರು."

ಹಿಂಬದಿಯ ಹೊಲಿಗೆಯನ್ನು ಒಂದಿಷ್ಟು ಸಡಿಲ ಬಿಟ್ಟಿದ್ದರೆ ಹನ್ನೊಂದು ಗಂಟೆಗೆ ಸಾಹೇಬರ ಎದುರಲ್ಲೇ ನ್ಯಾಯ ಸಿಗುತ್ತಿತ್ತು. ದರ್ಜಿಗೆ ಅದು ಹೊಳೆಯಲಿಲ್ಲ ಎಂದಲ್ಲ. ಆದರೆ ಇಪ್ಪತ್ತಾರು ವರ್ಷ ಪಳಗಿದ ಕೈ ಅವನ ಮಾತು ಕೇಳಲಿಲ್ಲ. ಎರಡೆರಡು ಸಾಲು ಗಟ್ಟಿ ಹೊಲಿಗೆ ಹಾಕಿ, ಇಸ್ತ್ರಿಯನ್ನೂ ಮಾಡಿ ಕೊಟ್ಟಿತು. ಅಧಿಕಾರಿ ಬಗ್ಗಿ ಎದ್ದು ನೋಡಿ, ನಿಮ್ಮಂಥ ಕೆಲಸಗಾರರು ಈಗ ಸಿಗುವುದಿಲ್ಲ ಎಂದು ಮೆಚ್ಚಿ ಜೀಪು ಹತ್ತಿದ.

ಜೀಪು ತಿರುವು ದಾಟುವ ಮೊದಲೇ ದರ್ಜಿ ಚಪ್ಪಲಿ ಮೆಟ್ಟಿ ಓಡಿದ. ಅರ್ಧ ಗಂಟೆಯ ದಾರಿಯನ್ನು ಕಾಲು ಗಂಟೆಯಲ್ಲಿ ಮುಗಿಸಿ ಸ್ಟೇಷನ್ನಿನ ಎದುರು ಬಂದು ನಿಂತಾಗ ಅವನಿಗೆ ಉಸಿರೇ ಇರಲಿಲ್ಲ. ಆಚೆ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿದ್ದರು. ಸಾರ್ವಜನಿಕರ ಇಚ್ಛೆಯಂತೆ ನಿರ್ಮಿಸಲಾಗಿದೆ, ಸಾರ್ವಜನಿಕರು ಕಾಲಿಡಬಾರದು ಎಂದು ಬರೆದ ಹೊಸ ಹಲಗೆ ಬಿಸಿಲಿಗೆ ಹೊಳೆಯುತ್ತಿತ್ತು. ಈಚೆ ಬೀಗದ ಕೈಯವನು ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಕೂತಿದ್ದ. ದರ್ಜಿಯನ್ನು ಕಂಡದ್ದೇ ಅರ ಎತ್ತಿಕೊಂಡ.

"ನಿಲ್ಲಿಸೋ! ಒಂದು ನಿಮಿಷ ಕೇಳು," ಅಂದ ದರ್ಜಿ. "ಅಕ್ಕಾ, ನೀನೂ ಕೇಳು. ನನ್ನ ತಪ್ಪಲ್ಲ. ಎಲ್ಲಾ ಮೊದಲೇ ತೀರ್ಮಾನ ಆಗಿತ್ತಂತೆ. ಆ ಅಧಿಕಾರಿ ಬಾಯಿಂದಾನೇ ಕೇಳ್ಕೊಂಡು ಬಂದೆ. ನಾವು ಕೆಂಪು ಚುಚ್ಚಿದ್ರೂ ಅಷ್ಟೆ, ಹಸಿರು ಚುಚ್ಚಿದ್ರೂ ಅಷ್ಟೆ!"

ಅವನ ಮುಖದ ಮೇಲೆ ನಾಲ್ಕು ತಿಂಗಳಲ್ಲಿ ಮೊದಲ ಸಲ ನಗು ಬಂದಿತ್ತು. ಎದುರಿನ ಇಬ್ಬರೂ ನಗಲಿಲ್ಲ. ಪೇಪರ್ ಅಕ್ಕ ಮಡಿಸುತ್ತಿದ್ದ ಪೇಪರನ್ನು ಕೆಳಗಿಟ್ಟಳು. ಬೀಗದ ಕೈಯವನು ಹುಲ್ಲುಹಾಸಿನ ಕಡೆ ನೋಡಿದ.

"ಅಂದ್ರೆ ನಮ್ಮನ್ನ ಯಾರೂ ಕೇಳ್ಲೇ ಇಲ್ಲ ಅಂತಾಯ್ತು," ಅಂದ.

"ಹೌದು! ಅದೇ ನಾನು ಹೇಳ್ತಿರೋದು."

"ನನ್ನ ಆರು ಸೂಜಿ?"

"ಸುಮ್ನೆ ಕಣೋ. ಬರೀ ಬೆಂಡಿಗೆ ಚುಚ್ಚಿದ್ದು."

ಬೀಗದ ಕೈಯವನು ಅರವನ್ನು ಪೆಟ್ಟಿಗೆಯ ಮೇಲೆ ಕುಕ್ಕಿದ. "ನೋಡು ಮಾಸ್ಟ್ರು, ನಿನ್ನಿಂದ ಹೋಯ್ತು ಅಂತ ದಿನಾ ಬೆಳಿಗ್ಗೆ ಎದ್ದು ಬೈಕೊಂಡಾದ್ರೂ ಇದ್ದೆ. ನೀನೊಬ್ಬ ದಡ್ಡ, ಅದಕ್ಕೇ ಹೀಗಾಯ್ತು, ಮುಂದಿನ ಸಲ ಸರಿಯಾಗಿ ಚುಚ್ಚೋಣ ಅಂತ ಒಂದು ಆಸೆ ಇತ್ತು. ಅದನ್ನೂ ಕಿತ್ಕೊಳ್ಳೋಕೆ ಓಡ್ಬಂದಿದೀಯಲ್ಲೋ?"

ಆಚೆ ಬ್ಯಾಂಡು ಶುರುವಾಯಿತು. ರಿಬ್ಬನ್ ಹಿಡಿಯಲು ನಲವತ್ತನಾಲ್ಕು ಬಗ್ಗಿದ. ಹೊಲಿಗೆ ಒಂದಿನಿತೂ ಜಗ್ಗಲಿಲ್ಲ. ಸಮುದಾಯ ಪ್ರತಿನಿಧಿಗೆ ಧನ್ಯವಾದ ಎಂದು ಮೈಕು ಕೂಗಿತು, ಚಪ್ಪಾಳೆ ಬಿತ್ತು.

ಪೇಪರ್ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡು, "ಯಾರ ತಪ್ಪು ಅಂತ ಇನ್ನೊಂದು ಸಲ ಸರಿಯಾಗಿ ಯೋಚ್ನೆ ಮಾಡಿ ಹೇಳಪ್ಪ," ಅಂದಳು.

ದರ್ಜಿ ಇಬ್ಬರ ಮುಖವನ್ನೂ ನೋಡಿದ. ಅಂಗಿಯೊಳಗೆ ಹಳದಿ ದಾರ ಬೆವರಿಗೆ ಅಂಟಿಕೊಂಡಿತ್ತು.

"ನಂದೇ," ಅಂದ. "ನಾನೇ ತಪ್ಪು ಹೇಳ್ಕೊಟ್ಟೆ."

"ಹಾಗೆ ಹೇಳು," ಅಂದ ಬೀಗದ ಕೈಯವನು. ಪೆಟ್ಟಿಗೆಯ ಮೇಲೆ ಒಂದು ಗೇಣು ಪಕ್ಕಕ್ಕೆ ಸರಿದು, "ಬಾ, ಕೂತ್ಕೋ," ಅಂದ.